ಸರ್ಟಿಫಿಕೇಟ್ ಬಾಡಿಗೆಗೆ ಕೊಡೋ ಮುಂಚೆ

"ಅತ್ತಿ, ಸರ್ಟಿಫಿಕೇಟ್ ಬಾಡಿಗಿ ಕೊಟ್ರ ತಿಂಗಳಾ ಆರು ಸಾವಿರ ಕೊಡ್ತಾರಂತ. ಕೊಡ್ಲ್ಯಾ?"

ಹೋದ ತಿಂಗಳು ಧಾರವಾಡಕ್ಕೆ ಅಣ್ಣನ ಮನೆಗೆ ಹೋದಾಗ ಅವನ ಮಗಳು ಕೇಳಿದ್ದು ಇದು. ಬಿ.ಫಾರ್ಮ್ ಮುಗಿಸಿದ್ದಾಳೆ. ಯಾವುದೋ ಮೆಡಿಕಲ್ ಶಾಪಿನವರು ಕೇಳಿದ್ದಾರಂತೆ. ಇವಳು ಮನೆಯಲ್ಲಿ, ಇವಳ ಸರ್ಟಿಫಿಕೇಟ್ ಅಲ್ಲಿ ಫ್ರೇಮ್ ಹಾಕಿಸಿಕೊಂಡು ಗೋಡೆ ಮೇಲೆ. ಗುಳಿಗೆ ಕೊಡೋನು ಇನ್ಯಾರೋ. ಡಾಕ್ಟರ್ ಚೀಟಿಗೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟೇ ಅಂತ 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮು ಹೇಳುತ್ತದೆ. ಅದು ಅಂಗಡಿಯವನಿಗೂ ಗೊತ್ತು, ನಮ್ಮಣ್ಣನಿಗೂ ಗೊತ್ತು. "ಮದುವಿ ಆಗೂತನಾ ಬರ್ಲಿ ಬಿಡವಾ" ಅಂದ ಅವನು.

ನನಗೆ ಸಿಟ್ಟು ಬಂತು. ಆದರೆ ಬೈಯಲಿಲ್ಲ. ಫಾರ್ಮಸಿ ಓದಿದವರಿಗೆ ನಮ್ಮ ಕಡೆ ತೋರಿಸೋ ದಾರಿ ಎರಡೇ ಅಲ್ವಾ: ಅಂಗಡಿ, ಇಲ್ಲಾ ಔಷಧಿ ಕಂಪನಿಯ ಬ್ಯಾಗ್ ಹೊತ್ತು ಡಾಕ್ಟರುಗಳ ಹತ್ತಿರ ತಿರುಗೋ ಎಂ.ಆರ್. ಕೆಲಸ. ಸರ್ಕಾರದ ದುಡ್ಡಲ್ಲಿ ಯಾವ ಔಷಧಿ ಕೊಳ್ಳಬೇಕು, ಎಷ್ಟು, ಯಾವ ರೇಟಿಗೆ ಅನ್ನೋದೂ ಫಾರ್ಮಸಿಸ್ಟ್ ಕೆಲಸ ಅಂತ ಯಾರೂ ಹೇಳಲ್ಲ. ನನಗೂ ಯಾರೂ ಹೇಳಿರಲಿಲ್ಲ. ಪೆಟ್ಟು ತಿಂದು ಕಲಿತೆ.

ನಾನಿರೋದು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ. ವರ್ಷಕ್ಕೊಮ್ಮೆ ಇಂಡೆಂಟ್ ಹಾಕಬೇಕು, ಅಂದರೆ ಯಾವ ಔಷಧಿ ಎಷ್ಟು ಬೇಕು ಅಂತ ಬೇಡಿಕೆ ಪಟ್ಟಿ ಕಳಿಸಬೇಕು. ಮೊದಲಿನಿಂದ ಬಂದ ಪದ್ಧತಿ ಸರಳ: ಹೋದ ವರ್ಷ ಎಷ್ಟು ಖರ್ಚಾಗಿದೆ ನೋಡು, ಮೇಲೆ ಸ್ವಲ್ಪ ಸೇರಿಸು, ಸಹಿ ಹಾಕು. ಒಂದು ವರ್ಷ ಶುಗರ್ ಗುಳಿಗೆ ಮೆಟ್‌ಫಾರ್ಮಿನ್ 45,000 ಖರ್ಚು ಅಂತ ರಿಜಿಸ್ಟರ್‌ನಲ್ಲಿತ್ತು. ಅಷ್ಟನ್ನೇ ಹಿಡಿದು ಇಂಡೆಂಟ್ ಹಾಕಿದೆ. ಆದರೆ ಆ ವರ್ಷ ಮೂರು ತಿಂಗಳು ಸ್ಟಾಕೇ ಇರಲಿಲ್ಲ! 45,000 ಹೋಗಿದ್ದು ಒಂಬತ್ತೇ ತಿಂಗಳಲ್ಲಿ. ಅಂದರೆ ತಿಂಗಳಿಗೆ 5,000, ವರ್ಷಕ್ಕೆ 60,000 ಬೇಕು. ಔಷಧಿ ಇಲ್ಲದ ತಿಂಗಳನ್ನು ನಾನು ರೋಗಿ ಇಲ್ಲದ ತಿಂಗಳು ಅಂತ ಲೆಕ್ಕ ಹಾಕಿದ್ದೆ. ಹೀಗೆ ಬಿಟ್ಟರೆ ಕೊರತೆ ತಾನೇ ಮರಿ ಹಾಕುತ್ತದೆ: ಈ ವರ್ಷ ಕಡಿಮೆ ಬಂತು, ಕಡಿಮೆ ಖರ್ಚಾಯಿತು, ಮುಂದಿನ ವರ್ಷ ಇನ್ನೂ ಕಡಿಮೆ ಕೇಳಿದೆವು.

ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರೊಬ್ಬರು ಬರುತ್ತಿದ್ದರು. ಅಂಗಿಯೆಲ್ಲ ಘಾಟು, ಅವರು ಕಿಟಕಿ ಹತ್ತಿರ ಬಂದರೆ ನನಗೆ ಸೀನು. "ಅಕ್ಕಾರ, ಗುಳಿಗಿ ಬಂದಾವೇನ್ರಿ?" ಅಂತ ನಾಲ್ಕು ಸಲ ಕೇಳಿದರು, ಐದನೇ ಸಲ ಬರಲಿಲ್ಲ. ಅದೇ ಹೊತ್ತಿಗೆ ಸ್ಟೋರ್‌ನಲ್ಲಿ ಯಾರೂ ಕೇಳದ ಸಿರಪ್ಪಿನ ಡಬ್ಬಗಳು ಎಕ್ಸ್‌ಪೈರಿ ಹತ್ತಿರ ಬಂದು ಕೂತಿದ್ದವು. ಆ ಲೆಕ್ಕ ತಪ್ಪಿದ್ದು ನಾನೇ, ಬೇರೆ ಯಾರನ್ನೂ ದೂರಲ್ಲ.

ಇದು ಒಂದು ಆಸ್ಪತ್ರೆಯ ಕಥೆ. ಇಡೀ ರಾಜ್ಯಕ್ಕೆ ಕೊಳ್ಳೋದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಟೆಂಡರ್ ಕರೆಯೋರು, ರೇಟಿಗೂ ಮುಂಚೆ ಕಂಪನಿಯ ಅರ್ಹತೆ ಕಾಗದ ಇರೋ ಟೆಕ್ನಿಕಲ್ ಕವರ್ ಪರಿಶೀಲಿಸೋರು, ಬ್ಯಾಚ್ ಸ್ಯಾಂಪಲ್ ಲ್ಯಾಬಿಗೆ ಕಳಿಸೋರು, ಗೋದಾಮು ನೋಡೋರು, ಇವರೆಲ್ಲ ಔಷಧಿ ಗೊತ್ತಿದ್ದವರೇ ಆಗಿರಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಸಂಶಯ ಬಂದಿದ್ದು ರಿಂಗರ್ ಲ್ಯಾಕ್ಟೇಟ್ ಸಲೈನ್ ಮೇಲೆ. ಖರೀದಿ ಅಂದರೆ ಬರೀ ಕಡಿಮೆ ರೇಟು ಹುಡುಕೋದಲ್ಲ ಅನ್ನೋದಕ್ಕೆ ಇನ್ನೇನು ಹೇಳಬೇಕು. ಔಷಧ ಪರೀಕ್ಷಾ ಪ್ರಯೋಗಾಲಯ ನಮ್ಮ ಹುಬ್ಬಳ್ಳಿಯಲ್ಲೇ ಒಂದಿದೆ. ಎಷ್ಟು ಜನ ಫಾರ್ಮಸಿ ಹುಡುಗರು ಅದರ ಬಾಗಿಲು ನೋಡಿದ್ದಾರೆ?

ನ್ಯೂಜಿಲೆಂಡ್‌ನಲ್ಲಿ 1993ರಿಂದ ಫಾರ್ಮ್ಯಾಕ್ ಅಂತ ಒಂದು ಸರ್ಕಾರಿ ಸಂಸ್ಥೆ ಇದೆ. ಸರ್ಕಾರ ಇಷ್ಟು ದುಡ್ಡು ಅಂತ ಕೊಡುತ್ತದೆ. ಅದರೊಳಗೆ ಯಾವ ಔಷಧಿ, ಯಾವ ರೋಗಿಗೆ ಅಂತ ತೂಗಿ, ಕಂಪನಿ ಜೊತೆ ರೇಟಿಗೆ ಕುಸ್ತಿ ಹಿಡಿದು ತೀರ್ಮಾನಿಸುವುದು ಅವರ ಕೆಲಸ. ಅಲ್ಲಿ ಫಾರ್ಮಸಿಸ್ಟರಿಗೆ ಇದೊಂದು ವೃತ್ತಿ. ನಮ್ಮಲ್ಲಿ ಹಾಗೆ ಒಂದೇ ಕಡೆ ಇಲ್ಲ, ಚೂರುಚೂರಾಗಿದೆ. ಬೆಲೆ ಕಟ್ಟೋಕೆ 1997ರಿಂದ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ, ಅಂದರೆ ಎನ್‌ಪಿಪಿಎ ಇದೆ. ಹೃದಯದ ರಕ್ತನಾಳ ತೆರೆದಿಡೋಕೆ ಹಾಕುವ, ಲಕ್ಷ ದಾಟುತ್ತಿದ್ದ ಔಷಧಿ ಲೇಪಿತ ಸ್ಟೆಂಟಿಗೆ 2017ರಲ್ಲಿ 29,600 ರೂಪಾಯಿ ಮಿತಿ ಹಾಕಿದ್ದು ಇವರೇ. ಹೊಸ ಚಿಕಿತ್ಸೆಗೆ ಹಾಕೋ ದುಡ್ಡು ಸಾರ್ಥಕವಾ ಅಂತ ನೋಡೋಕೆ ದಿಲ್ಲಿಯಲ್ಲಿ ಕೇಂದ್ರ ಸರ್ಕಾರದ ಎಚ್‌ಟಿಎಐಎನ್ ಇದೆ. ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿ 2022ರಲ್ಲಿ ಹೊಸದಾಗಿ ಬಂತು, 384 ಔಷಧಿ. ನನ್ನ ಸ್ಟೋರ್ ಗೋಡೆ ಮೇಲೆ ಇನ್ನೂ ಹಳೇ ಪಟ್ಟಿಯೇ ಇದೆ, ಅದು ಬೇರೆ ಮಾತು.

ಸುಮ್ನೆ ಆಸೆ ಹುಟ್ಟಿಸಲ್ಲ. ಇಲ್ಲಿ ಹುದ್ದೆ ಕಡಿಮೆ, ಕಾಂಟ್ರಾಕ್ಟ್ ಜಾಸ್ತಿ. ಹುದ್ದೆ ಹೆಚ್ಚಿಸಿ ಅಂತ ನಾವು ಫಾರ್ಮಸಿಸ್ಟರು ಗಲಾಟೆನೂ ಮಾಡಿಲ್ಲ, ನಮ್ಮ ಮನವಿಪತ್ರ ಯಾವಾಗಲೂ ಸಂಬಳದ ಬಗ್ಗೆಯೇ. ಇನ್ನು ಓದಿನ ಕಥೆ. ಮಾತ್ರೆ ತಯಾರಿಸೋದು ಕಲಿಸುತ್ತಾರೆ, ಟೆಂಡರ್ ಕಾಗದ ಓದೋದು ಕಲಿಸಲ್ಲ. 2008ರಲ್ಲಿ ಶುರುವಾದ ಫಾರ್ಮ್.ಡಿ. ಅನ್ನೋ ಡಾಕ್ಟರ್ ಆಫ್ ಫಾರ್ಮಸಿ ಕೋರ್ಸಿನಲ್ಲಿ ಔಷಧಿಯ ಅರ್ಥಶಾಸ್ತ್ರ ಒಂದು ವಿಷಯವಾಗಿದೆ. ಆದರೆ ಹುಡುಗರನ್ನು ಕೇಳಿದರೆ "ಅದು ಪಾಸಾದ್ರ ಸಾಕ್ರಿ ಮೇಡಂ" ಅನ್ನುತ್ತಾರೆ. ಅಲ್ಲೇ ಇರೋದು ಕೆಲಸ ಮಾರಾಯರೇ.

ಅಣ್ಣನ ಮಗಳಿಗೆ ಇಷ್ಟೆಲ್ಲ ಭಾಷಣ ಮಾಡಲಿಲ್ಲ. "ಆರು ಸಾವಿರ ಎಲ್ಲಿ ಹೋಗೂದಿಲ್ಲ, ಒಂದು ವಾರ ನನ್ನ ಜೋಡಿ ಬಾ" ಅಂದೆ. ಬಂದಳು. ಎರಡು ದಿನ ಡಬ್ಬ ಎಣಿಸಿ ಬೇಜಾರಾಗಿ ಮೊಬೈಲ್ ನೋಡುತ್ತಾ ಕೂತಳು. ಮೂರನೇ ದಿನ ಈ ವರ್ಷದ ಕರಡು ಇಂಡೆಂಟ್ ಕೈಗೆ ಕೊಟ್ಟೆ. ಊಟದ ಡಬ್ಬಿ ತೆರೆಯುವಷ್ಟರಲ್ಲಿ ಪೆನ್ಸಿಲ್ ಹಿಡಿದು ಬಂದಳು.

"ಅತ್ತಿ, ಬಿಪಿ ಗುಳಿಗಿ ಆಗಸ್ಟ್, ಸೆಪ್ಟೆಂಬರ್ ಎರಡೂ ತಿಂಗಳು ಖಾಲಿ ಅದಾವ. ನೀವು ಮತ್ತ ಹನ್ನೆರಡರಿಂದ ಭಾಗಿಸೀರಿ."