ಬಿಟ್ಟಿ ಚಳಿ, ದುಬಾರಿ ಬಿಸಿ

ಚಿಕ್ಕಮಗಳೂರಿನ ಚಳಿ ಅನುಭವಿಸಲು ಬೆಂಗಳೂರಿನವರು ದುಡ್ಡು ಕೊಟ್ಟು ಹೋಂಸ್ಟೇಗೆ ಬರುತ್ತಾರೆ. ನಮಗದು ಬಿಟ್ಟಿ. ಓಡಿಸುವುದಕ್ಕೆ ಮಾತ್ರ ದುಡ್ಡು ಬೇಕು.

ನಮ್ಮದು ಮಂಗಳೂರು ಹಂಚಿನ ಹಳೆಯ ಮನೆ. ಮರದ ಮುಚ್ಚಿಗೆ ಇರುವುದು ನಡುಕೋಣೆಯೊಂದಕ್ಕೇ. ಬೇರೆಲ್ಲಿ ಮಲಗಿದರೂ ಡಿಸೆಂಬರ್ ತಿಂಗಳು ಹಂಚಿನ ಸಂದಿಯಿಂದ ನೇರ ಮೂಗಿನ ಮೇಲೆ ಇಳಿಯುತ್ತದೆ. ಇದನ್ನು ಕಂಡು ಮರುಗಿದ ಭಾವ ಕಳೆದ ಚಳಿಗಾಲದಲ್ಲಿ ರೂಂ ಹೀಟರ್ ಹೊತ್ತು ತಂದರು. ಭಾವ ಬೆಂಗಳೂರಿನ ಫ್ಲಾಟಿನವರು; ಯಾವ ಕಷ್ಟಕ್ಕೂ ಒಂದು ವಿಡಿಯೊ ನೋಡಿಟ್ಟುಕೊಂಡಿರುತ್ತಾರೆ.

ಹೀಟರ್ 2000 ವಾಟ್‌ನದು. ಅಂದರೆ ಗಂಟೆಗೆ ಎರಡು ಯೂನಿಟ್. ರಾತ್ರಿ ನಾಲ್ಕು ಗಂಟೆ ಉರಿಸಿದರೆ ತಿಂಗಳಿಗೆ 240. ಗೃಹಜ್ಯೋತಿಯ ಗಡಿಯೇ 200; ದಾಟಿದರೆ ಪೂರ್ತಿ ಬಿಲ್ಲು ನಮ್ಮ ತಲೆಗೆ. ಅದರೊಳಗೂ ಪುಕ್ಕಟೆ ಸಿಗುವುದು 2022-23ರ ಸರಾಸರಿ ಬಳಕೆಗೆ ತುಸು ಸೇರಿಸಿದಷ್ಟು ಮಾತ್ರ. ಆ ವರ್ಷವಿಡೀ ಅಮ್ಮ ಎಲ್ಲರ ಹಿಂದೆ ದೀಪ ಆರಿಸುತ್ತಾ ತಿರುಗಿದ್ದರಿಂದ ನಮ್ಮ ಪಾಲು ತೀರಾ ಸಣ್ಣದು. ಮಿತವ್ಯಯಕ್ಕೆ ಸಂದ ಬಹುಮಾನ! ಇನ್ನು ಬಿಸಿಗಾಳಿಯ ಗುಣ ಮೇಲೇರುವುದು. ಅದು ಹಂಚು ದಾಟಿ ಹೋಗುತ್ತಿದ್ದುದರಿಂದ, ನಮ್ಮ ಖರ್ಚಿನಲ್ಲಿ ಬೆಚ್ಚಗಾದದ್ದು ಬಹುಶಃ ಮುಳ್ಳಯ್ಯನಗಿರಿ.

"ಸಂದಿ ಮುಚ್ಚಿದರೆ ಆಯಿತು" ಎಂದು ಭಾವ ಏಣಿ ಹತ್ತಿದರು. ಥರ್ಮಾಕೋಲ್, ಹಳೆಯ ಪತ್ರಿಕೆ, ಅಗಲದ ಟೇಪು. ಅಪ್ಪ ಕೆಳಗೆ ಏಣಿ ಹಿಡಿದು ನಿಂತು, ಅಳಿಯನಿಗೆ ಏನೂ ಹೇಳಲಾಗದೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮರುದಿನ ನಸುಕಿಗೆ ಅವರು ಎಂದಿನಂತೆ ಬಚ್ಚಲ ಹಂಡೆಯ ಒಲೆಗೆ ಕಾಫಿ ಗಿಡದ ಬೊಡ್ಡೆ ತುರುಕಿ ಬೆಂಕಿ ಹಚ್ಚಿದರು. ತಲೆಮಾರುಗಳಿಂದ ಹಂಚಿನ ಸಂದಿಯಲ್ಲೇ ಹೊರಹೋಗುತ್ತಿದ್ದ ಹೊಗೆ ಅಂದು ದಾರಿ ಕಾಣದೆ ಮನೆ ತುಂಬಿತು. ಕಂಬಳಿ ಸಮೇತ ಎಲ್ಲರೂ ಅಂಗಳಕ್ಕೆ ಓಡಿದೆವು. ಇಬ್ಬನಿಯಲ್ಲಿ ನಡುಗುತ್ತಾ, ಕೆಮ್ಮಿನ ನಡುವೆಯೇ ಭಾವ ಹೇಳಿದರು: "ನೋಡಿದಿರಾ, ಒಂದು ಸಂದಿಯನ್ನೂ ಬಿಟ್ಟಿಲ್ಲ!"

ಅಂದು ರಾತ್ರಿ ಅಜ್ಜಿ ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿಕೊಂಡು ಕೋಣೆಗೆ ಹೊರಟರು. ಅದಕ್ಕೆ ಮಾತ್ರ ಮನೆಯಿಡೀ ಒಂದಾಗಿ ಅಡ್ಡ ನಿಂತಿತು. ಮುಚ್ಚಿದ ಕೋಣೆಯ ಕೆಂಡ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಕೊಲ್ಲುತ್ತದೆ. ಅಜ್ಜಿ ಸಿಟ್ಟಿನಿಂದ ಎರಡು ಸ್ವೆಟರ್ ಹಾಕಿಕೊಂಡು ಮಲಗಿದರು. ಬೆಳಿಗ್ಗೆ ನೋಡಿದರೆ ಒಂದು ನನ್ನದು.

ಕೊನೆಗೆ ಕೈಹಿಡಿದವು ಅಗ್ಗದ ಉಪಾಯಗಳೇ. ಬಾಗಿಲ ಬುಡಕ್ಕೆ ಸುತ್ತಿಟ್ಟ ಗೋಣಿಚೀಲ, ಸೋಲಾರ್ ಬಿಸಿನೀರಿನ ಪೈಪಿಗೆ ಫೋಮಿನ ಹೊದಿಕೆ, ಸಂಜೆ ಬಿಸಿಲು ಇಳಿಯುವ ಮೊದಲೇ ಕಿಟಕಿ ಮುಚ್ಚುವುದು, ರಾತ್ರಿ ಎಲ್ಲರೂ ಮುಚ್ಚಿಗೆಯ ಕೆಳಗೆ ಸಾಲಾಗಿ ಮಲಗುವುದು. ಹೊಗೆಗೆ ಮೊದಲಿನ ದಾರಿಯನ್ನೇ ಬಿಟ್ಟುಕೊಟ್ಟಿದ್ದೇವೆ. ಹೀಟರ್ ಈಗ ಮಳೆಗಾಲದಲ್ಲಿ ಮಕ್ಕಳ ಕಾಲುಚೀಲ ಒಣಗಿಸುತ್ತದೆ, ಅದೂ ಅಮ್ಮ ಮನೆಯಲ್ಲಿ ಇಲ್ಲದಾಗ.

ಮೊನ್ನೆ ಭಾವನ ಫೋನ್ ಬಂತು. ಬೇಸಿಗೆಗೆ ಬರುತ್ತಾರಂತೆ, ಹೊಸ ಬಗೆಯ ಕೂಲರ್ ನೋಡಿಟ್ಟಿದ್ದಾರಂತೆ. ಅಮ್ಮ ಫೋನ್ ಇಸಿದುಕೊಂಡು ಬಹಳ ಮರ್ಯಾದೆಯಿಂದ ಹೇಳಿದರು: "ಅಳಿಯಂದಿರು ಬರಿಗೈಯಲ್ಲಿ ಬಂದರೂ ನಮಗೇನೂ ಬೇಸರವಿಲ್ಲ."