ಕೇಸು ಹಾಕುವುದೇ ಕಸುಬಾದವರಿಗೆ ಬಾಗಿಲಲ್ಲೇ ಒಂದು ಪ್ರಶ್ನೆ

ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ ಒಂದು ಹಳೇ ಟ್ರಂಕ್ ಇದೆ. ಅದರ ತುಂಬ ಕೋರ್ಟು ಕಾಗದ. ಒಂದೇ ಗೋಡೆ, ಒಬ್ಬನೇ ಎದುರಾಳಿ, ಒಂಬತ್ತು ಕೇಸು. ಮೊದಲನೆಯದು ಇವರ ಪರವಾಗಿಯೇ ಮುಗಿಯಿತು. ಆಮೇಲೆ ಆತ ಅದೇ ಗೋಡೆಯನ್ನು ಹಿಡಿದುಕೊಂಡು ಒಮ್ಮೆ ದಾರಿಯ ಹಕ್ಕು ಅಂದ, ಒಮ್ಮೆ ಗಾಳಿ ಬೆಳಕು ಅಂದ, ಇನ್ನೊಮ್ಮೆ ತಮ್ಮನ ಹೆಸರಲ್ಲಿ ಬಂದ. ಎಲ್ಲದರಲ್ಲೂ ಸೋತ. ಆದರೆ ಪ್ರತಿ ಸಮನ್ಸಿಗೂ ಇವರು ಹೊಸದಾಗಿ ವಕಾಲತ್ತು ಹಾಕಬೇಕು. ಬೆಳಗಿಂದ ಕಾದು ಕೂತು, ಮುಂದಿನ ತಾರೀಖು ಬರೆದುಕೊಂಡು ಬರಬೇಕು. ಕೋರ್ಟಲ್ಲಿ ಗೆದ್ದವ ಸೋತ ಅಂತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಂಥವರನ್ನು ತಡೆಯುವ ದಾರಿ ಹೊಸದೇನಲ್ಲ. ಅಲೆಕ್ಸಾಂಡರ್ ಚಾಫರ್ಸ್ ಅನ್ನುವ ಸಾಲಿಸಿಟರ್ ಒಬ್ಬ ದೊಡ್ಡ ದೊಡ್ಡವರ ಮೇಲೆಲ್ಲ ಕೇಸು ಹಾಕುತ್ತ ಹೋದಾಗ ಇಂಗ್ಲೆಂಡಿನಲ್ಲಿ 1896ರಲ್ಲೇ ಕಾಯ್ದೆ ಬಂತು. ಅಟಾರ್ನಿ ಜನರಲ್ ಅರ್ಜಿ ಹಾಕಬೇಕು, ಹೈಕೋರ್ಟ್ ಒಪ್ಪಬೇಕು. ಆಮೇಲೆ ಆ ವ್ಯಕ್ತಿ ಹೊಸ ಕೇಸು ಹಾಕಲು ಮೊದಲು ಜಡ್ಜ್ ಅನುಮತಿ ಪಡೆಯಬೇಕು. ನಿಜವಾಗಿ ಅನ್ಯಾಯ ಆಗಿದ್ದರೆ ಅನುಮತಿ ಸಿಗುತ್ತದೆ. ಸಿಗುವ ತನಕ ಎದುರಿನವರ ಮನೆಗೆ ಸಮನ್ಸ್ ಹೋಗುವುದಿಲ್ಲ. ನನಗೆ ಇಷ್ಟವಾಗಿದ್ದು ಇದೇ.

ಭಾರತದಲ್ಲಿ ಮದ್ರಾಸ್ 1949ರಲ್ಲಿ, ಮಹಾರಾಷ್ಟ್ರ 1971ರಲ್ಲಿ ಇಂಥದ್ದೇ ಕಾಯ್ದೆ ಮಾಡಿದವು. ಇಡೀ ದೇಶಕ್ಕೆ ಒಂದು ಬೇಕು ಅಂತ ಕಾನೂನು ಆಯೋಗ 2005ರಲ್ಲಿ ತನ್ನ 192ನೇ ವರದಿಯಲ್ಲಿ ಹೇಳಿತು. ಆ ಕಾಯ್ದೆ ಬರಲೇ ಇಲ್ಲ.

ಈಗಿರುವ ಅಸ್ತ್ರ ಅಂದರೆ ಸಿವಿಲ್ ಕೇಸುಗಳನ್ನು ನಡೆಸುವ ರೀತಿ ಹೇಳುವ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 7, ನಿಯಮ 11. ಹುರುಳಿಲ್ಲದ ದಾವೆಯನ್ನು ಆರಂಭದಲ್ಲೇ ತಿರಸ್ಕರಿಸಬಹುದು. ಜಾಣತನದಿಂದ ಬರೆದ ದಾವೆಯನ್ನು ಮೊದಲ ವಿಚಾರಣೆಯಲ್ಲೇ ಚಿವುಟಿ ಹಾಕಿ ಅಂತ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1977ರಲ್ಲಿ ಹೇಳಿದ್ದರು. ಆದರೆ ಒಂದು ತೊಡಕಿದೆ. ಆ ಹಂತದಲ್ಲಿ ಜಡ್ಜ್ ಮುಖ್ಯವಾಗಿ ನೋಡುವುದು ವಾದಿಯ ದಾವಾಪತ್ರವನ್ನು, ಎದುರಿನವರ ಉತ್ತರವನ್ನಲ್ಲ. ಹಳೇ ಸೋಲುಗಳನ್ನು ಬರೆಯದೇ ಬಿಟ್ಟವನು ಸಲೀಸಾಗಿ ಒಳಗೆ ಬರುತ್ತಾನೆ. ಟ್ರಂಕಿನಲ್ಲಿರುವ ಒಂಬತ್ತು ತೀರ್ಪುಗಳಿಗೆ ಆವತ್ತು ಬೆಲೆ ಇಲ್ಲ.

ಇನ್ನು ದಂಡ. ಸುಳ್ಳು ದಾವೆಗೆ ಪರಿಹಾರ ಕೊಡಿಸುವ 35ಎ ಕಲಂ ಅದೇ ಸಂಹಿತೆಯಲ್ಲಿದೆ. ಸಾಮಾನ್ಯ ದಾವೆಗಳಲ್ಲಿ ಅದರ ಮಿತಿ 3000 ರೂಪಾಯಿ! ವರ್ಷಗಟ್ಟಲೆ ಅಲೆದವರಿಗೆ ಇದು ಪರಿಹಾರ ಅಂತ ಹೇಗೆ ಹೇಳುವುದು?

ಹಾಗಂತ ಕೇಸುಗಳನ್ನು ಎಣಿಸಿ ಹಣೆಪಟ್ಟಿ ಹಚ್ಚಬಾರದು. ಪಿಂಚಣಿಗಾಗಿ ಹತ್ತು ಸಲ ಕೋರ್ಟಿಗೆ ಹೋದ ವಿಧವೆ ಹತ್ತು ಸಲವೂ ಸರಿಯಿರಬಹುದು ಅಲ್ವಾ? ಕ್ಯಾಲಿಫೋರ್ನಿಯಾದಲ್ಲಿ ಏಳು ವರ್ಷದಲ್ಲಿ ಐದು ಕೇಸು ಸೋತರೆ ಅಂತ ಒಂದು ಅಳತೆ ಇದೆ. ಅದು ವಕೀಲರಿಲ್ಲದೆ ತಾವೇ ವಾದಿಸಿದವರಿಗೆ ಅನ್ವಯಿಸುತ್ತದೆ. ನನಗೆ ಇದು ಅರೆಬರೆ ಅನಿಸುತ್ತದೆ. ದುಡ್ಡಿರುವವರು ಒಳ್ಳೇ ವಕೀಲರನ್ನಿಟ್ಟುಕೊಂಡೇ, ಟೀಕೆ ಮಾಡಿದವರ ಬಾಯಿ ಮುಚ್ಚಿಸಲು ಮಾನನಷ್ಟದ ಕೇಸು ಹಾಕುತ್ತಾರೆ. ಗೆಲ್ಲುವುದು ಅವರಿಗೆ ಬೇಕಾಗಿಯೇ ಇಲ್ಲ. ಎಳೆದಾಡಿದರೆ ಸಾಕು.

ಇಂಗ್ಲೆಂಡಿನಲ್ಲಿ ಈಗ ಇನ್ನೊಂದು ಪದ್ಧತಿ ಇದೆ. ಅರ್ಜಿಯಲ್ಲಿ ಏನೇನೂ ಹುರುಳಿಲ್ಲದಿದ್ದರೆ ಜಡ್ಜ್ ಅದನ್ನು ಆದೇಶದಲ್ಲೇ ಬರೆಯಬೇಕು. ಅಂಥ ಅರ್ಜಿಗಳು ಎರಡಾದರೆ ಸಣ್ಣ ನಿರ್ಬಂಧ, ಮತ್ತೆ ಮತ್ತೆ ಆದರೆ ದೊಡ್ಡ ನಿರ್ಬಂಧ. ಸುಮ್ನೆ ವಜಾ ಮಾಡಿ ಕೈತೊಳೆದುಕೊಳ್ಳುವುದಕ್ಕಿಂತ ಇದು ಎಷ್ಟೋ ಮೇಲು. ನಮ್ಮಲ್ಲೂ ಮೊದಲ ಎರಡು ತೀರ್ಪುಗಳಲ್ಲಿ ಆ ಒಂದು ಸಾಲು ಇದ್ದು, ಮೂರನೆಯ ಸಲ ಅನುಮತಿ ಕೇಳಬೇಕಾಗಿ ಬಂದಿದ್ದರೆ, ಉಳಿದ ಏಳು ಸಮನ್ಸ್ ಅವರ ಮನೆಗೆ ಬರುತ್ತಲೇ ಇರಲಿಲ್ಲ.