ಗ್ರೆಟ್ಜ್ಕಿಗಿಂತ ದೊಡ್ಡ ಐಸ್ ಹಾಕಿ ಆಟಗಾರ ಇಲ್ಲವೇ?

ಪರ: ಮೊದಲು ಅಸಿಸ್ಟ್ ಎಣಿಸಿ

ವೇಯ್ನ್ ಗ್ರೆಟ್ಜ್ಕಿ ಹೊಡೆದ 894 ಗೋಲುಗಳನ್ನು ಪಕ್ಕಕ್ಕಿಡಿ. ಒಂದೂ ಬೇಡ. ಬರೀ ಅಸಿಸ್ಟ್, ಅಂದರೆ ಜೊತೆಗಾರರ ಗೋಲಿಗೆ ದಾರಿಮಾಡಿದ ಪಾಸ್, ಉಳಿಸಿಕೊಳ್ಳಿ: 1,963. ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಸಾರ್ವಕಾಲಿಕ ಅಂಕಪಟ್ಟಿಯಲ್ಲಿ ಎರಡನೆಯವನಾದ ಯಾರೊಮೀರ್ ಯಾಗರ್ ಗೋಲು, ಅಸಿಸ್ಟ್ ಎರಡೂ ಸೇರಿಸಿ ಗಳಿಸಿದ್ದು 1,921. ಅಂದರೆ ಒಂದೇ ಒಂದು ಗೋಲು ಹೊಡೆಯದಿದ್ದರೂ ಮೇಲಿರುತ್ತಿದ್ದವನು ಇವನೇ. ಚರ್ಚೆ ಇಲ್ಲಿಗೇ ಮುಗಿಯಬೇಕು.

2025ರ ಏಪ್ರಿಲ್‌ನಲ್ಲಿ ರಷ್ಯಾದ ಆಟಗಾರ ಓವೆಚ್ಕಿನ್ 895ನೇ ಗೋಲು ಹೊಡೆದಾಗ ದಾಖಲೆ ಹೋಯಿತೆಂದು ಕುಣಿದವರಿದ್ದಾರೆ. ಹೋಗಲಿ ಬಿಡಿ. ಅಸಿಸ್ಟ್ ಇದೆಯಲ್ಲ!

ದೈತ್ಯ ಮೈಕಟ್ಟಿಲ್ಲ, ಹೆದರಿಸುವ ಹೊಡೆತವಿಲ್ಲ. ಎದುರಾಳಿಯ ಗೋಲಿನ ಹಿಂದೆ ಹೋಗಿ ನಿಲ್ಲುತ್ತಿದ್ದ. ಆ ಜಾಗಕ್ಕೆ ಅವನ 'ಆಫೀಸು' ಎಂದೇ ಹೆಸರು. ಎಡದಿಂದ ನುಗ್ಗಿದರೆ ಬಲಕ್ಕೆ, ಬಲದಿಂದ ನುಗ್ಗಿದರೆ ಎಡಕ್ಕೆ. ಗೋಲ್‌ಕೀಪರ್ ಕತ್ತು ತಿರುಗಿಸುವಷ್ಟರಲ್ಲಿ ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಜೊತೆಗಾರ ಯಾರಿ ಕುರ್ರಿಯ ಸ್ಟಿಕ್ ಸೇರಿರುತ್ತಿತ್ತು. ಬ್ರ್ಯಾಂಟ್‌ಫರ್ಡ್‌ನ ಮನೆಯ ಹಿತ್ತಿಲಲ್ಲಿ ಅಪ್ಪ ವಾಲ್ಟರ್ ನೀರು ಹಾಯಿಸಿ ಹೆಪ್ಪುಗಟ್ಟಿಸಿದ ಮಂಜಿನ ಮೇಲೆ ಕಲಿತ ಬುದ್ಧಿ ಅದು.

ಎಂಬತ್ತರ ದಶಕದಲ್ಲಿ ಗೋಲು ಅಗ್ಗವಾಗಿತ್ತಂತೆ. ಹಾಗಾದರೆ ಒಂದು ಋತುವಿನಲ್ಲಿ 200 ಅಂಕವನ್ನು ಇವನೊಬ್ಬನೇ, ಅದೂ ನಾಲ್ಕು ಸಲ, ದಾಟಿದ್ದೇಕೆ? ಇವನನ್ನು ಲಾಸ್ ಏಂಜಲೀಸ್‌ಗೆ ಕಳಿಸಿದ ಮೇಲೂ ಇವನ ಹಳೆಯ ತಂಡ ಎಡ್ಮಂಟನ್ 1990ರಲ್ಲಿ ಲೀಗಿನ ಚಾಂಪಿಯನ್ ಪಟ್ಟವಾದ ಸ್ಟಾನ್ಲಿ ಕಪ್ ಗೆದ್ದಿತಲ್ಲ ಎನ್ನುವವರಿಗೆ ನನ್ನ ಉತ್ತರ ಒಂದೇ: 1,963.

ವಿರೋಧ: ಮೊಣಕಾಲಿನ ಪರವಾಗಿ

ವಿರೋಧ ಬರೆಯಲು ಯಾರೂ ಸಿಗಲಿಲ್ಲವೆಂದು ನನಗೆ ಗಂಟುಬಿದ್ದರು. ಆ ಅಂಕಿಗಳ ಎದುರು ನನ್ನಲ್ಲೂ ಹೆಚ್ಚೇನಿಲ್ಲ.

ಆದರೆ ಬಾಸ್ಟನ್‌ನ ಬಾಬಿ ಓರ್ ಡಿಫೆನ್ಸ್ ಆಟಗಾರ. ಹಿಂದೆ ನಿಂತು ಕಾಯಬೇಕಾದವನು ಎರಡು ಋತುಗಳಲ್ಲಿ ಇಡೀ ಲೀಗಿಗೇ ಹೆಚ್ಚು ಅಂಕ ಗಳಿಸಿದ. ಶ್ರೇಷ್ಠ ಡಿಫೆನ್ಸ್ ಆಟಗಾರನಿಗೆ ಕೊಡುವ ನಾರಿಸ್ ಟ್ರೋಫಿ ಸತತ ಎಂಟು ಸಲ. ಗ್ರೆಟ್ಜ್ಕಿ ಆಡಿದ್ದು 1,487 ಪಂದ್ಯ, ಓರ್ 657. ಎಡ ಮೊಣಕಾಲು ಕೈಕೊಟ್ಟು ಮೂವತ್ತಕ್ಕೇ ಆಟ ಮುಗಿಯಿತು.

ಮೊಣಕಾಲಿನ ಸಂಗತಿ ನನಗೆ ಗೊತ್ತು. ಡಿಗ್ರಿ ಎರಡನೇ ವರ್ಷ, ಕಬಡ್ಡಿಯಲ್ಲಿ ರೇಡ್ ಹೋಗಿ ಹಿಂದಿರುಗುವಾಗ ನಾಲ್ವರು ಮೇಲೆ ಬಿದ್ದರು. ಲಟಕ್ ಎಂದ ಸದ್ದು ಅಂಗಳದಾಚೆಗೂ ಕೇಳಿಸಿತಂತೆ. ನಾಟಿ ವೈದ್ಯರೊಬ್ಬರು ಮೊಟ್ಟೆಯ ಬಿಳಿ ಹಚ್ಚಿ ಬಿದಿರು ಕಟ್ಟಿ, ಹದಿನೈದು ದಿನದಲ್ಲಿ ಓಡುತ್ತೀಯ ಎಂದರು. ಇಪ್ಪತ್ತಾರು ವರ್ಷವಾಯಿತು. ಈಗಲೂ ಮಳೆ ಬರುವುದು ಹವಾಮಾನದವರಿಗಿಂತ ಮೊದಲು ನನಗೇ ತಿಳಿಯುತ್ತದೆ.

ಅಂಥದೇ ಕಾಲಿನಲ್ಲಿ, ಆಪರೇಷನ್ ಮೇಲೆ ಆಪರೇಷನ್ ಆದಮೇಲೆ, ಓರ್ 1976ರಲ್ಲಿ ದೇಶ-ದೇಶಗಳ ನಡುವಿನ ಕೆನಡಾ ಕಪ್ ಆಡಿದ. ಟೂರ್ನಿಯ ಶ್ರೇಷ್ಠ ಆಟಗಾರನೂ ಅವನೇ ಆದ. ನಾನಾದರೋ ಬಸ್ ಹತ್ತಲು ಕಂಡಕ್ಟರ್ ಕೈ ಹಿಡಿಯುತ್ತಿದ್ದೆ.